ಸಂತಪುರದ ದಾರಿಯಲ್ಲಿ ಹತ್ತಿದ ಫೋನು

ಬೀದರಿನಲ್ಲಿ ಕೊಂಡ ಹೊಸ ಸಿಮ್ಮಿಗೆ ಬಂದ ಮೊದಲ ಕರೆ, ನನ್ನ ಅಕ್ಕ ತೀರಿಕೊಂಡಳು ಎಂದು ತಿಳಿಸಿತು. ನನಗೆ ಅಕ್ಕ ಇಲ್ಲ. ತಂಗಿಯೂ ಇಲ್ಲ. ಕುಂಬಳೆಯ ನಮ್ಮ ಮನೆಗೆ ನಾನೊಬ್ಬನೇ ಮಗ ಎಂಬುದು ಇದನ್ನು ಓದುತ್ತಿರುವ ಊರಿನವರಿಗೆಲ್ಲ ಗೊತ್ತು. ಆದರೂ ಬಸ್ಸಿನಲ್ಲಿ ಕೂತಿದ್ದ ನಾನು ಫೋನನ್ನು ಕಿವಿಯಿಂದ ತೆಗೆಯಲಿಲ್ಲ. ಒಬ್ಬಳು ಹೆಣ್ಣುಮಗಳು ಕಿವಿಯಲ್ಲಿ ಬಾಯಿಟ್ಟು ಅಳುತ್ತಿರುವಾಗ, ಸತ್ತವರು ನಮ್ಮವರಲ್ಲ ಎಂಬುದು ಮನಸ್ಸಿಗೆ ಇಳಿಯಲು ತುಸು ಹೊತ್ತು ಬೇಕಾಗುತ್ತದೆ.

ನಾನು ಇಲ್ಲಿಗೆ ಬಂದದ್ದು ಬೇಕರಿ ಮಾಸ್ಟರ್ ಆಗಿ. ಭಾಲ್ಕಿಯ ಬಸ್‌ಸ್ಟ್ಯಾಂಡಿನ ಹಿಂದೆ ವೈಜಿನಾಥ ಸೇಠರ ಬೇಕರಿ. ಕನ್ನಡನಾಡಿನ ತೀರ ಕೆಳತುದಿಯ ಆಚೆಯಿಂದ ತೀರ ಮೇಲ್ತುದಿಗೆ ಬಂದವನು ನಾನು. ಅಲ್ಲಿ ಸಮುದ್ರದ ಗಾಳಿಗೆ ಬಿಸ್ಕತ್ತು ಮೆತ್ತಗಾಗುತ್ತದೆಂದು ಡಬ್ಬದ ಬಾಯಿ ಬಿಗಿಯುತ್ತಿದ್ದೆವು. ಇಲ್ಲಿಯ ಒಣಗಾಳಿಗೆ ಹಿಟ್ಟು ಕಲಸಿಟ್ಟರೆ ಮೇಲೆ ಪಾಪಡಿಯಂಥ ಒಣಪದರ ಕಟ್ಟುತ್ತದೆ. ಒದ್ದೆ ಬಟ್ಟೆ ಹೊದಿಸಿ ಮಗುವಿನ ಹಾಗೆ ಕಾಯಬೇಕು. ಅಲ್ಲಿ ಚಹಾದ ಜೊತೆ ಬನ್ಸು, ಇಲ್ಲಿ ಪದರಪದರದ ಖಾರಿ ಬಿಸ್ಕತ್ತು. ಅಲ್ಲಿಯ ಕುಚ್ಚಲಕ್ಕಿ ಗಂಜಿಯ ಜಾಗಕ್ಕೆ ಜೋಳದ ರೊಟ್ಟಿ, ಪುಂಡಿ ಪಲ್ಯ ಬಂದು ಕೂತವು. ಮೊದಲ ತಿಂಗಳು ರೊಟ್ಟಿ ನನ್ನ ಗಂಟಲಲ್ಲಿ ನಿಂತೇ ಇರುತ್ತಿತ್ತು. ಈಗ ಊರಿಗೆ ಬಂದಾಗ ಮೂರನೆಯ ದಿನಕ್ಕೇ ರೊಟ್ಟಿಯ ನೆನಪಾಗುತ್ತದೆ; ನಿಮ್ಮೆದುರು ಹೇಳಲಿಲ್ಲ, ಅಷ್ಟೆ.

ಮಾತಿನದು ಬೇರೆಯೇ ಕಥೆ. ನಾನು ಕನ್ನಡ ಕಲಿತದ್ದು ಅಜ್ಜನ ಬಳಿ, ಜಗಲಿಯ ತಾಳಮದ್ದಳೆಯಲ್ಲಿ, ಮುದುಕರ ಮಧ್ಯೆ ಕೂತು. ಹಾಗಾಗಿ ನನ್ನ ಮಾತು ಕೇಳಿ ಭಾಲ್ಕಿಯ ಗಿರಾಕಿಗಳು ನಗುತ್ತಾರೆ. ‘ಮಾಸ್ಟರ್, ನೀವು ಪಾವ್ ಮಾರ್ಲತ್ತೀರೋ ಪುರಾಣ ಹೇಳ್ಲತ್ತೀರೋ?’ ಎಂದು ಒಬ್ಬರು ಕೇಳಿದ್ದುಂಟು. ಇವರ ಮಾತು ಮೊದಲು ನನಗೆ ಜಗಳದಂತೆ ಕೇಳುತ್ತಿತ್ತು. ಒಂದೊಂದು ಶಬ್ದವನ್ನೂ ಕಡಿದು ಇಟ್ಟಂತೆ. ಕೊನೆಗೆ ಬರುವ ‘ರಿ’ ಮಾತ್ರ ಗಾಯಕ್ಕೆ ಹಚ್ಚಿದ ಬೆಣ್ಣೆ.

ಸೇಠರು ಔರಾದಿನಲ್ಲಿ ಇನ್ನೊಂದು ಅಂಗಡಿ ಹಾಕುವವರಿದ್ದರು. ಪಾವ್ ಬೇಯಿಸುವ ಭಟ್ಟಿ ಕಟ್ಟಿಸುವ ಕೆಲಸ ನನ್ನದು. ಅಂಗಡಿಯ ಬೋರ್ಡು ಬರೆಯುವ ಪೇಂಟರ್ ನಂಬರಿಗಾಗಿ ಕಾಯುತ್ತಿದ್ದ.

‘ನಿಮ್ಮ ಕೇರಳದ ನಂಬರ್ ಬೋರ್ಡಿಗಿ ಹಾಕಿದ್ರ ಯಾರ್ ಫೋನ್ ಮಾಡ್ತಾರ್ರಿ?’ ಎಂದರು ಸೇಠರು. ‘ಬೀದರಕ್ಕ ಇಳದು ಒಂದು ಹೊಸಾ ಸಿಮ್ ತಗೋರಿ. ಔರಾದ ಮುಟ್ಟೋದ್ರಾಗ ಚಾಲೂ ಆಗ್ತದ.’

ಹಾಗೆ ಹಲಬರ್ಗಾ ದಾಟಿ ಬೀದರಿಗೆ ಬಂದೆ. ಬಸ್‌ಸ್ಟ್ಯಾಂಡಿನ ಎದುರಿನ ಮೊಬೈಲ್ ಅಂಗಡಿಯವನು ನನ್ನ ಆಧಾರ್ ನೋಡಿ, ಮುಖ ನೋಡಿ, ಮತ್ತೆ ಆಧಾರ್ ನೋಡಿದ.

‘ವಿಳಾಸ ಕೇರಳದ್ದು. ಮಾತು ಕನ್ನಡದ್ದು. ನೀವು ಖರೇ ಎಲ್ಲಿಯವರ್ರಿ?’

‘ಎರಡೂ ಕಡೆಯವನು,’ ಎಂದೆ.

‘ಇಲ್ಲೂ ಹಂಗೇ ಅದರಿ. ಔರಾದಿನ ಆಕಡಿಗಿ ಹೋದ್ರ ಫೋನ್ ಮಹಾರಾಷ್ಟ್ರಕ್ಕ ಹೋಗ್ತದ, ನಾವು ಇಲ್ಲೇ ಇರ್ತೇವಿ.’

ಮಂಜೇಶ್ವರದ ಗಡಿಯಲ್ಲಿ ನಿಂತಲ್ಲೇ ನಿಂತವನಿಗೆ ಫೋನು ಒಮ್ಮೆ ಕರ್ನಾಟಕಕ್ಕೂ ಒಮ್ಮೆ ಕೇರಳಕ್ಕೂ ಸ್ವಾಗತ ಕೋರುವುದನ್ನು ನೋಡಿಯೇ ಬೆಳೆದವನು ನಾನು. ಆ ಅಂಗಡಿಯವನು ಒಮ್ಮೆಗೇ ನೆಂಟನಂತೆ ಕಂಡ. ಹೊರರಾಜ್ಯದ ವಿಳಾಸವಾದ್ದರಿಂದ ಇಲ್ಲಿಯವರೊಬ್ಬರ ಗುರುತು ಬೇಕೆಂದ. ಸೇಠರ ನಂಬರು ಕೊಟ್ಟೆ; ಅವರಿಗೆ ಕರೆ ಮಾಡಿ ನನ್ನ ಹೊಸ ನಂಬರನ್ನೂ ಹೇಳಿದ. ನನ್ನ ಫೋಟೋ ತೆಗೆಯುತ್ತ, ‘ಕಣ್ಣ ಪಿಳುಕಿಸ್ರಿ, ಜೀವಂತ ಮನಷಾ ಹೌದಂತ ಅದಕ್ಕ ಗೊತ್ತಾಗ್ಬೇಕು’ ಎಂದ. ಪಿಳುಕಿಸಿದೆ. ಫೋನಿನಲ್ಲಿದ್ದ ಊರಿನ ಸಿಮ್ಮಿನ ಪಕ್ಕದ ಖಾಲಿ ಜಾಗಕ್ಕೆ ಹೊಸದನ್ನು ಕೂರಿಸಿದ. ‘ತಾಸಿನಾಗ ಟವರ್ ಹತ್ತತದ. ಹತ್ತಿದ ಮ್ಯಾಲ ಈ ನಂಬರಿಗಿ ಒಂದ್ ಕಾಲ್ ಮಾಡಿ, ಅದು ಕೇಳಿದ್ದು ಹೇಳ್ರಿ. ಮುಗೀತು.’ ತಾಸು ಅಂದರೆ ಇಲ್ಲಿ ಗಂಟೆ. ಫೋನು ಇಲ್ಲಿ ಹತ್ತುತ್ತದೆ, ಅಂದರೆ ಸಂಪರ್ಕ ಸಿಗುತ್ತದೆ.

ಔರಾದಿನ ಬಸ್ಸು ಹತ್ತಿ ಕಿಟಕಿಯ ಬದಿ ಕೂತೆ. ಪಕ್ಕಕ್ಕೆ ಒಬ್ಬ ವಯಸ್ಸಾದ ತಾಯಿ ಬಂದು ಕೂತರು. ತೊಡೆಯ ಮೇಲೆ ಬಾಳೆಲೆಯಲ್ಲಿ ಸುತ್ತಿದ ದೊಡ್ಡ ಹೂವಿನ ಹಾರ. ನಾನು ಐದು ನಿಮಿಷಕ್ಕೊಮ್ಮೆ ಫೋನು ನೋಡುವುದನ್ನು ಅವರೂ ನೋಡುತ್ತಿದ್ದರು. ಹೊರಗೆ ಕಪ್ಪು ನೆಲ, ತೊಗರಿ, ಮಧ್ಯೆ ಒಂಟಿ ಬೇವು. ನಮ್ಮಲ್ಲಿ ಕಣ್ಣು ಹಾಯಿಸಿದರೆ ಮರ ಅಡ್ಡ ಬರುತ್ತದೆ. ಇಲ್ಲಿ ಏನೂ ಅಡ್ಡ ಬರುವುದಿಲ್ಲ; ನೋಡುತ್ತ ಹೋದರೆ ನಮ್ಮ ಒಂಟಿತನವೇ ದೂರದಲ್ಲೆಲ್ಲೋ ನಿಂತಂತೆ ಕಾಣುತ್ತದೆ.

ನದಿಯ ಸೇತುವೆ ದಾಟಿದ ಮೇಲೆ ಟವರ್ ಹತ್ತಿತು. ಹೇಳಿದ ನಂಬರಿಗೆ ಕರೆ ಮಾಡಿದೆ. ಯಂತ್ರದ ಧ್ವನಿ ಕೇಳಿದ್ದಕ್ಕೆಲ್ಲ ಉತ್ತರಿಸಿದೆ. ಸೇವೆ ಆರಂಭವಾಗಿದೆ ಎಂದಿತು. ಮೊದಲ ಕರೆ ಮನೆಗೇ ಎಂದುಕೊಂಡು ಹೆಂಡತಿ ಸವಿತಳ ನಂಬರು ಒತ್ತಲು ಹೊರಟಿದ್ದೆ. ಅಷ್ಟರಲ್ಲಿ ಫೋನೇ ಬಡಿದುಕೊಂಡಿತು.

‘ಹತ್ಯಾದ! ಕಾಕಾ, ಮಾಮಾನ ಫೋನ್ ಹತ್ಯಾದ!’ ಹೆಣ್ಣುಧ್ವನಿ ಬೇರೆ ಯಾರಿಗೋ ಕೂಗಿ ಹೇಳಿತು. ಆಮೇಲೆ ನನ್ನ ಕಡೆ ತಿರುಗಿತು. ‘ಮಾಮಾ, ಎಲ್ಲಿದ್ದೀರಿ? ನಿಮ್ಮ ಅಕ್ಕ ಹೋದಳ್ರಿ ಮಾಮಾ. ಅವ್ವ ಹೋದಳು.’

‘ಅಮ್ಮಾ, ನೀವು ಯಾರು? ಇದು ಹೊಸ ನಂಬರು. ನಾನು ನಿಮ್ಮ ಮಾವ ಅಲ್ಲ.’

‘ಹಂಗ ಯಾಕ ಮಾತಾಡ್ತೀರಿ? ಪುಣಾದಾಗ ಇದ್ದು ನಮ್ಮ ಮಾತೇ ಮರ್ತ್ರಿ? ನಿಮ್ಮ ಆವಾಜ್ ಸೈತ ಬದಲಾಗ್ಯಾದ.’

‘ಇಲ್ಲಮ್ಮ, ನನ್ನ ಊರು ಕಾಸರಗೋಡಿನ ಹತ್ತಿರ...’

‘ಸಿಟ್ಟ್ ಇದ್ರ ನನ್ನ ಮ್ಯಾಲ ಇರಲಿ ಮಾಮಾ, ಅವ್ವನ ಮ್ಯಾಲ ಬ್ಯಾಡ. ಧನರಾಜನ ಸೀರಿ ಬರೋತನಾ ನನ್ನ ಎತ್ತಬ್ಯಾಡ್ರಿ ಅಂತ ಹೇಳಿ ಹೋಗ್ಯಾಳ. ಎತ್ತೂಕ ನಿಂತಿದ್ರು. ಈಗ ನಿಲ್ಲಸ್ತೀವಿ. ನೀವ್ ಬರ್ರಿ, ಸಂತಪುರಕ್ಕ ಬರ್ರಿ...’

ಮಾತು ಅಲ್ಲಿಗೆ ತುಂಡಾಯಿತು. ಟವರಿನ ಗೆರೆಗಳು ಒಂದೊಂದಾಗಿ ಆರಿದವು. ಮತ್ತೆ ಮತ್ತೆ ಒತ್ತಿದೆ; ಹೋಗಲಿಲ್ಲ.

ಪಕ್ಕದ ತಾಯಿ ನನ್ನನ್ನೇ ನೋಡುತ್ತಿದ್ದರು. ಅಳುವ ಧ್ವನಿ ಅವರಿಗೂ ಕೇಳಿಸಿತ್ತು.

‘ಅದು ಮಹಾನಂದಾನ ಆವಾಜ್ ಅಲ್ಲೇನ್ರಿ?’ ಎಂದರು. ‘ನಾನೂ ಅದೇ ಮಣ್ಣಿಗಿ ಹೊಂಟೀನಿ.’

ಮಣ್ಣಿಗೆ ಹೋಗುವುದೆಂದರೆ ಇಲ್ಲಿ ಅಂತ್ಯಕ್ರಿಯೆಗೆ ಹೋಗುವುದು. ನಮ್ಮಲ್ಲಿ ಸುಡುತ್ತೇವೆ, ಇವರು ಹೂಳುತ್ತಾರೆ. ಬಂದವರೆಲ್ಲ ಹಿಡಿ ಹಿಡಿ ಮಣ್ಣು ಹಾಕಬೇಕು. ಆ ತಾಯಿಯ ಹೆಸರು ಕಾಶಮ್ಮ. ತೀರಿಕೊಂಡ ಕಸ್ತೂರಬಾಯಿ ಮೊದಲು ಬೀದರಿನಲ್ಲಿ ಅವರ ಬಾಜೂ ಮನೆಯಲ್ಲೇ ಇದ್ದವರಂತೆ. ನಾನು ನಂಬರಿನ ವಿಷಯ ಹೇಳಿದೆ. ಬಹಳ ದಿನ ರೀಚಾರ್ಜ್ ಮಾಡದೆ ಬಿಟ್ಟರೆ ಕಂಪನಿಯವರು ಅದೇ ನಂಬರನ್ನು ಇನ್ನೊಬ್ಬರಿಗೆ ಕೊಡುತ್ತಾರೆ. ಧನರಾಜನ ನಂಬರು ಹಾಗೆ ನನ್ನ ಪಾಲಿಗೆ ಬಂದಿರಬೇಕು ಎಂದೆ.

ಕಾಶಮ್ಮ ಹಾರದ ಮೇಲೆ ಕೈಯಾಡಿಸುತ್ತ ಕೂತರು. ‘ತವರಿನಾಗ ಅಕಿಗಿ ಇದ್ದಾಂವ ಅಂದ್ರ ಅವ ಒಬ್ಬನೇ ತಮ್ಮ. ಪುಣಾಕ್ಕ ಕೆಲಸಕ್ಕ ಹೋದ. ಎರಡು ಪಂಚಮಿಗಿ ಬಂದ. ಆಮ್ಯಾಲ ಬರಲಿಲ್ಲ. ಯಾಕಂತ ಯಾರಿಗೂ ಗೊತ್ತಿಲ್ಲ. ಫೋನ್ ಬಂದ್. ಕಸ್ತೂರಿ ಪ್ರತಿ ಪಂಚಮಿಗಿ ಮಗಳ ಕೈಲೆ ಆ ನಂಬರ್ ಹಚ್ಚಸ್ತಿದ್ದಳು. ಬಂದ್ ಅಂತ ಹೇಳ್ತಿತ್ತು. ಅದನ್ನೇ ಪೂರಾ ಕೇಳಿ, ಇರಲಿ, ಮುಂದಿನ ವರ್ಷ ಹತ್ತತದ ಅಂತಿದ್ದಳು.’

ನಾಗರಪಂಚಮಿ ಇಲ್ಲಿ ಹೆಣ್ಣುಮಕ್ಕಳು ತವರಿನ ದಾರಿ ನೋಡುವ ಹಬ್ಬ. ಹೆಣ್ಣು ಸತ್ತಾಗಲೂ ತವರು ಬರಬೇಕು. ಅಣ್ಣನೋ ತಮ್ಮನೋ ತಂದ ಸೀರೆ ಹೊದಿಸಿದ ಮೇಲೆಯೇ ಮನೆಯಿಂದ ಎತ್ತುವುದು. ಹುಟ್ಟಿದ ಮನೆ ಕೊಡುವ ಕೊನೆಯ ಬಟ್ಟೆ ಅದು. ತವರೇ ಇಲ್ಲದಿದ್ದರೆ ಮನೆಯವರೇ ಏನೋ ಒಂದು ಹೊದಿಸಿ ಮುಗಿಸುತ್ತಾರಂತೆ. ಈ ದಿನವೂ ಹಾಗೆ ಮುಗಿಸಲು ಹೊರಟಿದ್ದರು. ತಾಯಿಯ ಮಾತಿಗಾಗಿ ಮಗಳು ಕಡೆಯ ಸಲ ನಂಬರು ಹಚ್ಚಿದಳು. ಅದು ಹತ್ತಿಬಿಟ್ಟಿತು.

ಈಗ ಅಲ್ಲಿ ನಾನು ಬರುವವರೆಗೆ ಹೆಣ ಎತ್ತುವುದಿಲ್ಲ. ನಾನು ಬರುವವನಲ್ಲ. ಬರಬೇಕಾದವನು ಎಲ್ಲಿದ್ದಾನೋ ಯಾರಿಗೂ ಗೊತ್ತಿಲ್ಲ.

ಸಂತಪುರ ಹತ್ತಿರವಾದಾಗ ಫೋನಿಗೆ ಮತ್ತೆ ಜೀವ ಬಂತು. ಕರೆ ಮಾಡಲು ಹೋದೆ. ಕಾಶಮ್ಮ ನನ್ನ ಕೈ ಹಿಡಿದರು.

‘ಇಂಥಾ ಮಾತ ಫೋನಿನಾಗ ಹೇಳಬ್ಯಾಡ್ರಿ. ಬಂದು ಮುಖಾ ನೋಡಿ ಹೇಳ್ರಿ.’

ಔರಾದಿನಲ್ಲಿ ಪೇಂಟರ್ ಕಾಯುತ್ತಿದ್ದ, ಟಿಕೆಟ್ಟೂ ಔರಾದಿನದು. ಇಳಿದುಬಿಟ್ಟೆ.

ಬಸ್‌ಸ್ಟ್ಯಾಂಡಿನ ಬದಿಯಲ್ಲೇ ಒಂದು ಬಟ್ಟೆ ಅಂಗಡಿ. ಕಾಶಮ್ಮ ಅದರ ಎದುರು ನಿಂತರು. ‘ಬರಿಗೈಲೆ ಹೋಗಿ ಏನಂತ ನಿಂದ್ರತೀರಿ? ಒಂದು ಹಸುರು ಸೀರಿ ತಗೋರಿ. ಧನರಾಜ ಕಳಿಸ್ಯಾನ ಅಂತ ಹೇಳ್ರಿ. ನಾನೂ ಹೌದಂತೀನಿ. ಸತ್ತಾಕಿಗಿ ಸಮಾಧಾನ, ಇದ್ದವರಿಗೂ ಸಮಾಧಾನ.’

ಅಂಗಡಿಯವರು, ‘ಮದಿವಿಗೇನ್ರಿ?’ ಎಂದರು.

‘ಮಣ್ಣಿಗಿ,’ ಎಂದರು ಕಾಶಮ್ಮ. ಅಂಗಡಿಯವರು ಬೇರೇನೂ ಕೇಳದೆ ಒಂದೇ ಸೀರೆ ತೆಗೆದು ನನ್ನ ಕೈಯಲ್ಲಿಟ್ಟರು. ಚೀಲಕ್ಕೂ ಹಾಕಲಿಲ್ಲ. ನನ್ನ ಜೀವಮಾನದಲ್ಲಿ ಹೆಂಡತಿಯನ್ನೂ ತಾಯಿಯನ್ನೂ ಬಿಟ್ಟು ಮೂರನೆಯ ಹೆಣ್ಣಿಗೆ ಸೀರೆ ಕೊಂಡದ್ದು ಅಂದೇ. ಮುಖ ನೋಡಿರದ ಹೆಣ್ಣು.

ದಾರಿಯುದ್ದಕ್ಕೂ ಆ ಸುಳ್ಳನ್ನು ಬಾಯಲ್ಲಿ ಇಟ್ಟುಕೊಂಡು ನಡೆದೆ. ‘ಧನರಾಜ ಕಳಿಸಿದ್ದಾರೆ.’ ಎಷ್ಟು ಸಣ್ಣ ಮಾತು. ಆದರೆ ಅದರ ಹಿಂದೆ ಬರುವ ಪ್ರಶ್ನೆಗಳು? ಹೇಗಿದ್ದಾನೆ, ಎಲ್ಲಿದ್ದಾನೆ, ತಾನೇ ಯಾಕೆ ಬರಲಿಲ್ಲ? ನನ್ನ ಬಾಯಿಂದ ಹುಟ್ಟಿದ ಆ ಧನರಾಜನನ್ನು ಅವರು ಇನ್ನೆಷ್ಟು ವರ್ಷ ಕಾಯಬೇಕು?

ಓಣಿಯ ತಿರುವಿನಲ್ಲೇ ತಾಳದ ಸದ್ದು, ಭಜನೆ. ಅಂಗಳಕ್ಕೆ ಕಾಲಿಟ್ಟವನು ಅಲ್ಲೇ ನಿಂತೆ. ನಮ್ಮಲ್ಲಿ ಸತ್ತವರನ್ನು ಮಲಗಿಸುತ್ತೇವೆ. ಇಲ್ಲಿ ಕಸ್ತೂರಬಾಯಿ ಕೂತಿದ್ದರು. ಗೋಡೆಗೆ ಒರಗಿಸಿ, ಹಣೆಗೆ ವಿಭೂತಿ ಹಚ್ಚಿ, ಕೊರಳಿಗೆ ಹೂ ಹಾಕಿ ಕೂರಿಸಿದ್ದರು. ಮುಖ ಬಾಗಿಲ ಕಡೆಗಿತ್ತು. ಬರುವವರ ದಾರಿ ನೋಡುತ್ತಿದ್ದಾರೆ ಎಂದೇ ಅನ್ನಿಸಿತು.

ಕಾಶಮ್ಮನನ್ನು ಕಂಡು ಮಗಳು ಮಹಾನಂದಾ ಓಡಿಬಂದಳು. ನನ್ನ ಕೈಯ ಹಸುರು ಸೀರೆ ನೋಡಿದಳು. ಮುಖ ನೋಡಿದಳು. ನಿಂತಳು.

‘ಇವರು ಮಾಮಾ ಅಲ್ಲ.’

ಕಾಶಮ್ಮ ನನ್ನ ಮೊಣಕೈ ತಿವಿದರು. ನಾನು ಬಾಯಿ ತೆರೆಯುವ ಮೊದಲೇ ಮಹಾನಂದಾ ತನ್ನ ಕೈಯ ಫೋನಿನಲ್ಲಿ ನಂಬರು ಒತ್ತಿದಳು.

ನನ್ನ ಅಂಗಿಯ ಜೇಬು ಬಡಿದುಕೊಂಡಿತು.

ತಾಳ ನಿಂತಿತು. ಅಂಗಳದಲ್ಲಿದ್ದವರೆಲ್ಲ ನನ್ನ ಜೇಬನ್ನೇ ನೋಡಿದರು. ಅವಳು ಕರೆ ನಿಲ್ಲಿಸಲಿಲ್ಲ. ಅದು ಪೂರ್ತಿ ಬಡಿದು ತಾನಾಗಿ ನಿಲ್ಲುವವರೆಗೂ ಕೇಳುತ್ತ ನಿಂತಳು, ತಾಯಿ ಪಂಚಮಿಗೆ ಕೇಳುತ್ತಿದ್ದರಲ್ಲ, ಹಾಗೆ. ಆಮೇಲೆ ಅತ್ತಳು. ಅದು ತಾಯಿಗಾಗಿ ಮಾತ್ರ ಅತ್ತದ್ದಲ್ಲ. ಒಂದೇ ದಿನ ಎರಡು ಸಾವು ಕಂಡವಳ ಅಳು ಅದು.

ಇದ್ದದ್ದು ಇದ್ದ ಹಾಗೆ ಹೇಳಿದೆ. ಬೆಳಿಗ್ಗೆ ಬೀದರಿನಲ್ಲಿ ಸಿಮ್ಮು ಕೊಂಡದ್ದು, ಬಸ್ಸಿನಲ್ಲಿ ಅದು ಚಾಲೂ ಆದದ್ದು, ಧನರಾಜ ಯಾರೆಂದು ನನಗೆ ಗೊತ್ತಿಲ್ಲದ್ದು. ಸೀರೆ ನಾನೇ ಕೊಂಡದ್ದು ಎಂದೂ ಹೇಳಿದೆ. ಕಾಶಮ್ಮ ಸೆರಗನ್ನು ಬಾಯಿಗಿಟ್ಟುಕೊಂಡರು.

‘ಪರವೂರವರು ತಂದಿದ್ದು ತವರ ಸೀರಿ ಹ್ಯಾಂಗ ಆಗ್ತದ?’ ಎಂದು ಹಿಂದಿನಿಂದ ಯಾರೋ ಅಂದರು.

ಕಸ್ತೂರಬಾಯಿಯ ಮೈದುನ ಮಾಣಿಕಪ್ಪ, ಮನೆಯ ಹಿರಿಯರು, ಕಟ್ಟೆಯ ಮೇಲಿಂದ ಎದ್ದು ಬಂದರು. ಸೀರೆಯನ್ನು ಮುಟ್ಟಲಿಲ್ಲ. ನನ್ನನ್ನೇ ಕೇಳಿದರು:

‘ನಿಮಗ ಅಕ್ಕ ತಂಗಿ ಅದಾರೇನ್ರಿ?’

‘ಇಲ್ಲ.’

‘ಎಲ್ಲಿಗಿ ಹೊಂಟಿದ್ರಿ?’

‘ಔರಾದಿಗೆ.’

‘ಮತ್ತ ಇಲ್ಲಿ ಯಾಕ ಇಳದ್ರಿ?’

ಅಜ್ಜನ ಜಗಲಿಯಲ್ಲಿ ಕಲಿತ ಮಾತುಗಳೆಲ್ಲ ಆ ಹೊತ್ತಿಗೆ ಎಲ್ಲಿ ಹೋದವೋ. ‘ಕರೆದರು,’ ಎಂದೆ. ‘ಅದಕ್ಕೆ ಬಂದೆ.’

ಮಾಣಿಕಪ್ಪ ಅಂಗಳದ ಕಡೆ ತಿರುಗಿದರು. ‘ಕರದ್ರ ಬಂದಾರ. ಅವ ಎಷ್ಟೋ ವರ್ಷ ಕರದ್ರೂ ಬರಲಿಲ್ಲ. ಇನ್ನ ಯಾರ್ಗಿ ಏನ್ ಕೇಳೋದದ?’ ಆಮೇಲೆ ನನಗೆ ಮೆಲ್ಲಗೆ ಹೇಳಿದರು: ‘ಒಬ್ಬ ಅಕ್ಕ ಇದ್ದಳು ಅಂತ ತಿಳ್ಕೋರಿ. ಹೊದಸ್ರಿ.’

ಆದರೂ ನಾನು ಮಹಾನಂದಾಳ ಮುಖ ನೋಡಿದೆ. ಸೀರೆ ಯಾರ ತಾಯಿಗೋ ಅವಳ ಒಪ್ಪಿಗೆ ಬೇಕಿತ್ತು. ಅವಳು ಕಣ್ಣೊರೆಸಿಕೊಂಡು ಬಂದು ಸೀರೆಯ ಮಡಿಕೆ ಬಿಡಿಸಿದಳು. ಒಂದು ತುದಿ ಅವಳು ಹಿಡಿದಳು, ಇನ್ನೊಂದು ನಾನು. ಕಸ್ತೂರಬಾಯಿಯ ಹೆಗಲಿಗೆ ಹೊದಿಸಿದೆವು. ನನಗೆ ಕ್ರಮ ತಿಳಿಯದೆ ಸೆರಗು ತಿರುಗಾಮುರುಗಾ ಆಯಿತು. ಕಾಶಮ್ಮ ಸರಿಮಾಡುತ್ತ, ಸತ್ತ ಗೆಳತಿಗೇ ಹೇಳಿದರು: ‘ಹೊಸಾ ತಮ್ಮ ಅದಾನವ್ವ, ತಪ್ಪ ಹಿಡೀಬ್ಯಾಡ.’ ಆ ದಿನ ಅಂಗಳದಲ್ಲಿ ಒಂದಿಷ್ಟು ನಗು ಸುಳಿದದ್ದು ಆಗ ಮಾತ್ರ.

ಹೊಲದ ಬದಿಯಲ್ಲಿ ನಾನೂ ಮಣ್ಣು ಕೊಟ್ಟೆ. ನಮ್ಮ ಊರಿನ ಮಣ್ಣು ಕೆಂಪು, ಕೈಗೆ ಅಂಟಿ ಬಣ್ಣ ಬಿಡುತ್ತದೆ. ಇದು ಕಪ್ಪು, ಒಣಗಿ ಗಟ್ಟಿಯಾದದ್ದು. ಬೆರಳಲ್ಲಿ ಪುಡಿ ಮಾಡಿಕೊಂಡು ಹಾಕಬೇಕಾಯಿತು. ನನ್ನ ತಂದೆಯ ಚಿತೆಯ ಎದುರು ನಿಂತಾಗ ಕೈಗೆ ಕೆಲಸವಿದ್ದರೂ ಮನಸ್ಸು ಎಲ್ಲೋ ಇತ್ತು. ಇಲ್ಲಿ ಯಾರೂ ಅಲ್ಲದವರಿಗೆ ಒಂದು ಹಿಡಿ ಸಾಲದೆ ಮತ್ತೊಂದು ಹಿಡಿ ಹಾಕಿದೆ. ಯಾಕೆಂದು ಈಗಲೂ ಸರಿಯಾಗಿ ಹೇಳಲಾರೆ.

ಹೊರಡುವಾಗ ಮಹಾನಂದಾ ಓಣಿಯ ತುದಿಯವರೆಗೂ ಬಂದಳು. ‘ನಂಬರ್ ಬಂದ್ ಮಾಡಬ್ಯಾಡ್ರಿ,’ ಎಂದಳು. ಅಷ್ಟೇ ಹೇಳಿದ್ದು. ಅಷ್ಟರಲ್ಲಿ ಪೇಂಟರ್ ಸೇಠರಿಂದ ನಂಬರು ಪಡೆದು ಕರೆ ಮಾಡಿದ. ‘ಮಾಸ್ಟರ್, ಎಲ್ಲಿ ಇಳದ್ರಿ ನೀವು? ಈ ನಂಬರೇ ಬರೀಲೇನ್ರಿ, ಇಲ್ಲಾ ಬದಲಸ್ತೀರಿ?’

‘ಅದೇ ಬರೆಯಿರಿ,’ ಎಂದೆ. ‘ದೊಡ್ಡದಾಗಿ ಬರೆಯಿರಿ.’

ಔರಾದಿನ ಅಂಗಡಿಯ ಮೇಲೆ ಧನರಾಜನ ನಂಬರು ಕೆಂಪಕ್ಷರದಲ್ಲಿದೆ. ಅವನು ಎಂದಾದರೂ ಆ ದಾರಿಯಲ್ಲಿ ಬಂದರೆ ಕಣ್ಣಿಗೆ ಬೀಳದೆ ಇರದು. ಮುಂದಿನ ಪಂಚಮಿಗೆ ಸಂತಪುರದ ಬಸ್ಸಿನ ಕಂಡಕ್ಟರ್ ಒಂದು ಡಬ್ಬ ಇಳಿಸಿ ಹೋದರು. ಒಳಗೆ ಎಳ್ಳಿನ ಉಂಡಿ. ಮಹಾನಂದಾ ಫೋನು ಮಾಡಿ, ‘ಮುಟ್ಯಾವೇನ್ರಿ ಮಾಮಾ?’ ಎಂದು ಕೇಳಿದಳು. ಆ ‘ಮಾಮಾ’ ಹೊಸದಾಗಿ ನನಗೆಂದೇ ಹೇಳಿದ್ದೋ, ನಂಬರಿನ ಜೊತೆ ಅವಳ ನಾಲಿಗೆಯಲ್ಲಿ ಹಳೆಯದೇ ಉಳಿದಿದ್ದೋ ಕೇಳಲಿಲ್ಲ.

ನನ್ನ ಫೋನಿನಲ್ಲಿ ಎರಡು ಸಿಮ್ಮುಗಳಿವೆ. ಕುಂಬಳೆಯದರಿಂದ ನಾನೇ ಕರೆ ಮಾಡುವುದು ಈಗ ಅಪರೂಪ. ಆದರೂ ಅದಕ್ಕೆ ತಪ್ಪದೆ ರೀಚಾರ್ಜ್ ಮಾಡಿಸುತ್ತೇನೆ. ಊರಲ್ಲಿ ನನ್ನನ್ನು ಕರೆಯುವವರು, ಅಮ್ಮನೂ ಸೇರಿ, ಇಂದಿಗೂ ಆ ನಂಬರಿಗೇ ಕರೆಯುತ್ತಾರೆ. ನಾನು ಇಲ್ಲಿಯ ಕೆಲಸದಲ್ಲಿ ಮರೆತು ಅದು ಇನ್ಯಾರದೋ ಜೇಬು ಸೇರಿದರೆ, ಕರೆದಾಗ ಬಸ್ಸಿಳಿದು ಹೋಗುವವನ ಕೈಗೇ ಸಿಗುತ್ತದೆಂದು ಯಾರು ಹೇಳಬೇಕು?

ಈಚೆಗೆ ಒಂದು ಸಂಜೆ, ಪಾವಿನ ತಟ್ಟೆ ಭಟ್ಟಿಯಿಂದ ಹೊರತೆಗೆಯುತ್ತಿದ್ದಾಗ, ಇಲ್ಲಿಯ ಸಿಮ್ಮಿಗೆ ಗುರುತಿಲ್ಲದ ನಂಬರಿನಿಂದ ಕರೆ ಬಂತು. ಹಲೋ ಎಂದೆ. ಆ ಕಡೆ ಮಾತಿಲ್ಲ. ದೊಡ್ಡ ರಸ್ತೆಯ ಗಾಡಿಗಳ ಸದ್ದು, ಅದರ ಮಧ್ಯೆ ಯಾರದೋ ಉಸಿರು. ರಾಂಗ್ ನಂಬರ್ ಇರಬಹುದು. ಯಾವುದೋ ಯಂತ್ರವೂ ಇರಬಹುದು. ಇಟ್ಟುಬಿಡಬಹುದಿತ್ತು.

‘ಅಕ್ಕಗ ತವರ ಸೀರಿ ಮುಟ್ಯಾದರಿ,’ ಎಂದೆ. ‘ಹಸುರು ಸೀರಿ. ಮಹಾನಂದಾ ಸಂತಪುರದಾಗೇ ಅದಾಳ.’

ಉಸಿರು ಒಂದು ಕ್ಷಣ ನಿಂತಂತಾಯಿತು. ಲೈನು ತುಂಡಾಯಿತು. ತಿರುಗಿ ಹಚ್ಚಿದರೆ ಸ್ವಿಚ್ ಆಫ್.

ತಟ್ಟೆ ಕೈಯಲ್ಲೇ ಇತ್ತು. ಅಷ್ಟರಲ್ಲಿ ಊರಿನ ಸಿಮ್ಮಿಗೆ ಸವಿತಳ ಕರೆ ಬಂತು. ‘ಹೇಳ್ರಿ,’ ಎಂದೆ.

‘ಯಾರು ಮಾತಾಡುದು?’ ಎಂದಳು ಅವಳು. ಅವಳ ಹಿಂದೆ ಮಳೆ ಹೊಯ್ಯುವ ಸದ್ದು ಕೇಳುತ್ತಿತ್ತು.

ನಾನೇ ಮಾರಾಯ್ತಿ ಎನ್ನಬೇಕಿತ್ತು. ಅಂದೆ. ಆದರೆ ಆ ಎರಡು ಶಬ್ದ ನಮ್ಮ ಊರಿನ ಮಾತಿನಲ್ಲಿ ಬಾಯಿಗೆ ಬರಲು ಸ್ವಲ್ಪ ಹೊತ್ತು ಹಿಡಿಯಿತು.